ನಲವತ್ತೊಂದು ಅಚ್ಚುಗಳು

ಎರಡನೆಯ ಕಾರ್ಖಾನೆ ತೆರೆಯಲು ಯಾವ ದೇಶಕ್ಕೆ ಹೋಗಬೇಕು ಎಂಬ ಪ್ರಶ್ನೆಗೆ ‘ನೆರಳು’ ಒಂದು ಗಂಟೆ ಹನ್ನೆರಡು ನಿಮಿಷದಲ್ಲಿ ಉತ್ತರ ಕೊಟ್ಟಿತು. ಅಷ್ಟು ಹೊತ್ತಿನಲ್ಲಿ ಅದು ವಿಯೆಟ್ನಾಮಿನಲ್ಲಿ ಹತ್ತು ವರ್ಷ, ಉಜ್ಬೆಕಿಸ್ತಾನದಲ್ಲಿ ಹತ್ತು ವರ್ಷ, ಇಂಡೊನೇಷ್ಯಾದ ಜಾವಾ ದ್ವೀಪದಲ್ಲಿ ಹತ್ತು ವರ್ಷ ಕಾರ್ಖಾನೆ ನಡೆಸಿ ಮುಗಿಸಿತ್ತು. ಮೂರೂ ಕಡೆ ಮಳೆ ಬಂದಿತ್ತು, ಕರೆಂಟು ಹೋಗಿತ್ತು, ಸರಕು ಗಡಿಯಲ್ಲಿ ಕಾದು ನಿಂತಿತ್ತು. ಕಾರ್ಮಿಕರಿಗೆ ಮದುವೆಯಾಗಿತ್ತು, ಕೆಲವರಿಗೆ ಬೆನ್ನುನೋವು ಬಂದಿತ್ತು, ಕೆಲವರು ಕೆಲಸ ಬಿಟ್ಟಿದ್ದರು. ಇವುಗಳಲ್ಲಿ ಯಾವುದೂ ನಿಜವಾಗಿ ನಡೆದದ್ದಲ್ಲ. ಎಲ್ಲವೂ ಬೆಳಗಾವಿಯ ಉದ್ಯಮಬಾಗದ ಒಂದು ಕಟ್ಟಡದ ಮೊದಲ ಮಹಡಿಯಲ್ಲಿ, ಎರಡು ಕಪಾಟುಗಳಷ್ಟು ದೊಡ್ಡ ಯಂತ್ರದೊಳಗೆ ನಡೆದಿತ್ತು.

ಆ ಕಟ್ಟಡ ನವಿಲುತೀರ್ಥ ಕ್ಯಾಸ್ಟಿಂಗ್ಸ್ ಎಂಬ ಫೌಂಡ್ರಿಯದು. ಅಲ್ಲಿ ಬಸ್ಸುಗಳ ಬ್ರೇಕ್ ಡ್ರಮ್ಮುಗಳನ್ನು ಎರಕ ಹೊಯ್ಯುತ್ತಾರೆ. ಕಬ್ಬಿಣದ ಚೌಕಟ್ಟಿನಲ್ಲಿ ಉಸುಕನ್ನು ಒತ್ತಿ ಅಚ್ಚು ಮಾಡುತ್ತಾರೆ, ಅದರೊಳಕ್ಕೆ ಕರಗಿದ ಕಬ್ಬಿಣ ಹೊಯ್ಯುತ್ತಾರೆ, ಆರಿದ ಮೇಲೆ ಅಚ್ಚನ್ನು ಒಡೆದು ಡ್ರಮ್ ತೆಗೆಯುತ್ತಾರೆ. ಹೇಳಲು ಇಷ್ಟೇ. ಆದರೆ ಉಸುಕಿನಲ್ಲಿ ತೇವ ಸ್ವಲ್ಪ ಹೆಚ್ಚಾದರೂ ಆ ನೀರು ಆವಿಯಾಗಿ ಕಬ್ಬಿಣದೊಳಗೆ ನುಗ್ಗಿ ಕಾಣದ ಟೊಳ್ಳು ಬಿಡುತ್ತದೆ. ಮೇಲ್ಮೈ ನುಣುಪಾಗಿಯೇ ಇರುತ್ತದೆ. ನಾಲ್ಕು ವರ್ಷ ಬ್ರೇಕ್ ಹಾಕಿ ಹಾಕಿ ಕಾದು ತಣಿದ ನಂತರ, ಒಂದು ದಿನ ಆ ಟೊಳ್ಳಿನಿಂದ ಬಿರುಕು ಶುರುವಾಗುತ್ತದೆ.

ನೆರಳಿನ ತತ್ವವೂ ಕಷ್ಟದ್ದೇನಲ್ಲ. ಅಚ್ಚಿನ ಸಾಲಿನ ಮೇಲೆ ಇಪ್ಪತ್ತೆರಡು ಕ್ಯಾಮೆರಾ, ಪ್ರತಿ ಕಾರ್ಮಿಕನ ಮಣಿಕಟ್ಟಿಗೆ ಒಂದು ಪಟ್ಟಿ. ಎಂಟು ತಿಂಗಳು ಅವರ ಕೈ ಹೇಗೆ ಓಡಾಡುತ್ತದೆ, ಎಷ್ಟು ಬಲ ಹಾಕುತ್ತದೆ, ಯಾವಾಗ ದಣಿಯುತ್ತದೆ ಎಂಬುದನ್ನು ಅದು ಕಲಿಯಿತು. ಆಮೇಲೆ ಪ್ರತಿಯೊಬ್ಬರಿಗೂ ಒಂದೊಂದು ಪ್ರತಿರೂಪ ಮಾಡಿಕೊಂಡು, ಬೇಕಾದ ದೇಶದ ಹವೆ, ಕೂಲಿ, ಕಾನೂನುಗಳೊಳಗೆ ನಿಲ್ಲಿಸಿ ದುಡಿಸಿತು.

ಸೋಮವಾರ ಬೆಳಿಗ್ಗೆ ಪರದೆಯ ಮೇಲೆ ಜಾವಾದ ಹೆಸರು ಎಲ್ಲಕ್ಕಿಂತ ಮೇಲೆ ಬಂದಾಗ ಮಾಲೀಕ ಮೃತ್ಯುಂಜಯ ಪಟ್ಟಣಶೆಟ್ಟಿ ಕುರ್ಚಿಯಿಂದ ಎದ್ದು ನಿಂತು ಓದಿದರು. ತರಬೇತಿಗೆಂದು ಜಾವಾದಿಂದ ಬಂದಿದ್ದ ಆರು ಜನ ಕಲಿತದ್ದು ಎರಡೇ ತಿಂಗಳು. ಆದರೂ ಅವರ ಡ್ರಮ್ಮುಗಳಲ್ಲಿ ಕೆಟ್ಟವು ನೂರಕ್ಕೆ ಒಂದೂಕಾಲು, ಬೆಳಗಾವಿಯವರಷ್ಟೇ. ಸುಮ್ಮನೆ ಕಳೆದ ಸಮಯ ಸೊನ್ನೆ. ಬೆಳಗಾವಿಯವರದು ನೂರಕ್ಕೆ ಒಂಬತ್ತು. ಶಿಷ್ಯರು ಗುರುಗಳನ್ನು ಮೀರಿಸಿದರು ಎಂದು ಪಟ್ಟಣಶೆಟ್ಟಿ ನಕ್ಕರು. ಹೊರದೇಶದ ಕಾರ್ಖಾನೆಗೆ ಬಂಡವಾಳ ಹಾಕುವ ಪಾಲುದಾರ ಸಂಸ್ಥೆ ಮೊದಲೇ ಒಂದು ಷರತ್ತು ಹಾಕಿತ್ತು: ಪಾಳಿ ನಡೆಯುವಾಗ ಯಾವ ಕಾರ್ಮಿಕನೂ ಕೆಲಸದ ಸಾಲನ್ನು ನಿಲ್ಲಿಸುವಂತಿಲ್ಲ. ಆ ಷರತ್ತಿಗೆ ಜಾವಾದವರು ಹೇಳಿ ಮಾಡಿಸಿದಂತಿದ್ದಾರೆ ಎಂಬುದು ನೆರಳಿನ ಅಭಿಪ್ರಾಯ.

ಉಳಿದಿದ್ದು ಒಂದು ಸಹಿ. ಮಾಹಿತಿಯೆಲ್ಲ ಸರಿಯಾಗಿದೆ, ಈ ವಿಧಾನದಲ್ಲಿ ಮಾಡಿದ ಡ್ರಮ್ ಸುರಕ್ಷಿತ ಎಂದು ಫೌಂಡ್ರಿಯ ಲೋಹತಜ್ಞೆ ನೀಲಗಂಗಾ ಸಂಬರಗಿ ಶುಕ್ರವಾರದೊಳಗೆ ಬರೆದುಕೊಡಬೇಕು. ಬರೆದುಕೊಟ್ಟರೆ ಜಾವಾದ ಕಾರ್ಖಾನೆಗೆ ಅವಳೇ ಮುಖ್ಯಸ್ಥೆ. ಹದಿನೆಂಟು ವರ್ಷದ ವೃತ್ತಿಯಲ್ಲಿ ಅವಳು ಬಯಸಿದ್ದು ಅದೊಂದನ್ನೇ. ತನ್ನದೇ ಕೈಯಿಂದ ಶುರುವಾಗುವ ಒಂದು ಫೌಂಡ್ರಿ.

ಸಹಿ ಹಾಕಲು ಅವಳು ಪೆನ್ನು ತೆಗೆದದ್ದೂ ನಿಜ. ಆದರೆ ಕಾಲೇಜಿನಲ್ಲಿ ಕಲಿತ ಒಂದು ಅಭ್ಯಾಸ ಅವಳನ್ನು ಬಿಟ್ಟಿರಲಿಲ್ಲ. ಯಾವ ಪ್ರಕ್ರಿಯೆಯೇ ಇರಲಿ, ಒಳಗೆ ಹೋದದ್ದೂ ಹೊರಗೆ ಬಂದದ್ದೂ ತೂಗಿ ಸಮವಾಗಬೇಕು. ಆಗದಿದ್ದರೆ ಮುಂದಿನದನ್ನು ನಂಬಬಾರದು. ಅವಳು ಹಿಂದಿನ ಒಂದು ದಿನವನ್ನು ಆರಿಸಿಕೊಂಡು ಉಸುಕಿನ ತೂಕದ ಲೆಕ್ಕ ತೆಗೆದಳು. ಆ ದಿನ ಮಿಕ್ಸರಿನಿಂದ ಇಳಿದ ಉಸುಕು ನಾನೂರ ಐವತ್ತಮೂರು ಅಚ್ಚುಗಳಿಗಾಗುವಷ್ಟು. ನೆರಳು ಕಂಡದ್ದು ನಾನೂರ ಹನ್ನೆರಡು. ನಲವತ್ತೊಂದು ಅಚ್ಚುಗಳು ಎಲ್ಲಿಯೂ ಇರಲಿಲ್ಲ. ಕೆಟ್ಟವುಗಳ ಪಟ್ಟಿಯಲ್ಲಿಲ್ಲ, ಒಳ್ಳೆಯವುಗಳ ಪಟ್ಟಿಯಲ್ಲೂ ಇಲ್ಲ.

ಮಂಗಳವಾರ ಅವಳು ಕಂಟ್ರೋಲ್ ರೂಮಿನಲ್ಲಿ ಕುಳಿತು ಮೂಲ ವಿಡಿಯೋ ನೋಡಿದಳು. ಹನ್ನೊಂದೂ ನಲವತ್ತಕ್ಕೆ ಒಂದು ಅಚ್ಚು ಸಿದ್ಧವಾಗುತ್ತದೆ. ಅಚ್ಚು ಮಾಡಿದ ಮೋಲ್ಡರ್ ಅದರ ಅಂಚಿನ ಮೇಲೆ ಹೆಬ್ಬೆರಳು ಆಡಿಸುತ್ತಾನೆ. ಒಂದು ಕ್ಷಣ ನಿಲ್ಲುತ್ತಾನೆ. ಆಮೇಲೆ ಹೆಗಲ ಮೇಲಿನ ಟಾವೆಲ್ ತೆಗೆದು, ಬಸ್ಸಿನ ಕಿಟಕಿಯಿಂದ ಸೀಟು ಹಿಡಿಯುವವರ ಹಾಗೆ ಅಚ್ಚಿನ ಮೇಲೆ ಹಾಕಿ ಮುಂದಿನದಕ್ಕೆ ಹೋಗುತ್ತಾನೆ. ಬಟ್ಟೆ ಬಿದ್ದ ಕೂಡಲೇ ನೆರಳಿನ ಪಾಲಿಗೆ ಆ ಅಚ್ಚು ಇಲ್ಲವಾಗುತ್ತದೆ.

ಎಂಟು ತಿಂಗಳ ಹಿಂದೆ ವಿಡಿಯೋಗಳಿಗೆ ಗುರುತು ಹಾಕುತ್ತಿದ್ದ ಎಂಜಿನಿಯರುಗಳು, ಬಟ್ಟೆ ಮುಚ್ಚಿದ ಅಚ್ಚನ್ನು ಏನೆಂದು ಬರೆಯಬೇಕು ಎಂದು ಅವಳನ್ನು ಕೇಳಿದ್ದರು. ಬೆವರಿನ ಟಾವೆಲ್ ಒಣಹಾಕಿರುತ್ತಾರೆ, ಬಿಟ್ಟುಬಿಡಿ ಎಂದು ಅವಳೇ ಉತ್ತರ ಕಳಿಸಿದ್ದಳು. ಆ ಸಂದೇಶ ಹುಡುಕಿ ತೆಗೆದು ಎರಡು ಸಲ ಓದಿದಳು. ನಂತರ ಕೆಳಗಿಳಿದು ಹೋದಳು.

ಚಹಾದ ಹೊತ್ತು. ಹಿರಿಯ ಮೋಲ್ಡರ್ ದುಂಡಪ್ಪ ಹಂಚಿನಮನಿ ಖಾಲಿ ಚೌಕಟ್ಟಿನ ಮೇಲೆ ಕುಳಿತಿದ್ದ. ಟಾವೆಲಿನ ವಿಷಯ ಕೇಳಿದಾಗ ಅವನು, ಉಸಿರಾಡುವುದು ಹೇಗೆ ಎಂದು ಯಾರೋ ಕೇಳಿದಂತೆ ಅವಳ ಮುಖ ನೋಡಿದ.

“ಅದ್ರಾಗ ಹೇಳೂದೇನೈತ್ರಿ ಅಕ್ಕಾರ. ಕೈಗೆ ಯಾಕೋ ಸರಿ ಅನಸ್ಲಿಲ್ಲಂದ್ರ ಟಾವೆಲ್ ಹಾಕ್ತೀವಿ. ಟಾವೆಲ್ ಹಾಕಿದ್ದಕ್ಕ ಯಾರೂ ಹೊಯ್ಯೂದಿಲ್ಲ, ಯಾಕಂತ ಕೇಳೂದೂ ಇಲ್ಲ. ಪಾಳಿ ಮುಗಿಯೂಮುಂದ ಒಡದು ಉಸುಕು ಹೊಳ್ಳಿ ಹಾಕ್ತೀವಿ.”

ಬರೆದಿಡಬಹುದಿತ್ತಲ್ಲ ಎಂದಳು. ಬರೆದರೆ ಜೊತೆಗೆ ಹೆಸರೂ ಬರುತ್ತದೆ, ಹೆಸರು ಬಂದರೆ ಮರುದಿನದಿಂದ ಯಾರೂ ಹಾಕುವುದಿಲ್ಲ ಎಂದ. ಅದೂ ಸರಿಯೇ. ಆದರೆ ಜಾವಾದವರ ಅಚ್ಚುಗಳ ಮೇಲೆ ಒಂದು ಸಲವೂ ಟಾವೆಲ್ ಬಿದ್ದಿಲ್ಲವಲ್ಲ, ಅದು ಹೇಗೆ ಎಂದು ಕೇಳಿದಾಗ ಮಾತ್ರ ದುಂಡಪ್ಪ ಚಹಾದ ಲೋಟವನ್ನು ಕೆಳಗಿಟ್ಟ. ಪಕ್ಕದಲ್ಲಿದ್ದವನು ಬೇರೆ ಕಡೆ ನೋಡಿ ನಕ್ಕ.

“ಮನಿಗೆ ಬಂದ ಮಂದೀರಿ ಅವರು. ಅವರ ಕಣ್ಣ ಮುಂದ ನೀ ಮಾಡಿದ್ದು ಕೆಟ್ಟೈತಿ ಅಂತ ಟಾವೆಲ್ ಹಾಕೂದು ಚಲೋ ಕಾಣಸ್ತೈತೇನ್ರಿ? ಅವರು ಊಟಕ್ಕ ಹ್ವಾದಾಗ ನೋಡಿ, ಬ್ಯಾಡ ಅನಿಸಿದ್ದನ್ನ ತಗದು ನಮ್ಮ ಅಚ್ಚಿನ ಬಾಕ್ಸ್ ಇಟ್ಟೇವಿ. ಅವರಾದ್ರೂ ಹೆಂಗ ಹಾಕ್ತಾರ? ಕಂಪನಿ ಅವರಿಗಿ ಅಂಗಿ-ಪ್ಯಾಂಟ್ ಕೂಡಿಸಿ ಹೊಲದದ್ದು ಕೊಟ್ಟೈತಿ. ಹೆಗಲ ಮ್ಯಾಲ ಟಾವೆಲ್ಲ ಇಲ್ಲ.”

ನೀಲಗಂಗಾ ಮೆಟ್ಟಿಲು ಹತ್ತುವಾಗ ಲೆಕ್ಕವನ್ನು ಮನಸ್ಸಿನಲ್ಲೇ ಮತ್ತೆ ಹಾಕಿದಳು. ಬೆಳಗಾವಿಯವರ ಕೆಟ್ಟ ಅಚ್ಚುಗಳು ಟಾವೆಲಿನ ಕೆಳಗೆ ಮಾಯವಾಗಿದ್ದವು. ಅಂದರೆ ಯಂತ್ರ ನೋಡಿದ್ದು ಉಳಿದುಕೊಂಡವುಗಳನ್ನು ಮಾತ್ರ. ಉಳಿದವುಗಳನ್ನು ನೋಡಿ, ಇಲ್ಲಿ ಕೆಡುವುದೇ ಕಡಿಮೆ ಎಂದು ಅದು ತಿಳಿದುಕೊಂಡಿತ್ತು; ಮಾಯವಾದವುಗಳಿಗೆ ಹಿಡಿದ ಹೊತ್ತನ್ನು ಸುಮ್ಮನೆ ಕಳೆದ ಸಮಯಕ್ಕೆ ಸೇರಿಸಿತ್ತು. ಜಾವಾದವರ ವಿಷಯದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬೆಳಗಾವಿಯವರ ಅಚ್ಚುಗಳನ್ನೇ ಅವರದೆಂದು ಎಣಿಸಿತ್ತು. ಹೆಗಲ ಮೇಲೆ ಬಟ್ಟೆ ಇಲ್ಲದ್ದನ್ನು ಒಂದು ದೇಶದ ಸ್ವಭಾವ ಎಂದು ಓದಿತ್ತು. ಮರ್ಯಾದೆಗೆಂದು ಮಾಡಿದ ಕೆಲಸವೊಂದು ಈಗ ಹತ್ತು ವರ್ಷದ ಯೋಜನೆಯ ಅಡಿಪಾಯವಾಗಿತ್ತು.

ಜಾವಾದ ಆರು ಜನರಲ್ಲಿ ಸುಲಸ್ತ್ರಿ ಎಂಬವಳು ನೀಲಗಂಗಾಳ ಮನೆಯ ಮೇಲಿನ ಕೋಣೆಯಲ್ಲೇ ಇದ್ದಳು. ಇಪ್ಪತ್ತಾರು ವರ್ಷ, ಚೆಪೆರ್ ಎಂಬ ಎರಕದ ಊರಿನವಳು. ಕೆಲಸದ ಮಾತಿಗೆ ಅವಳ ಕಿವಿಯಲ್ಲಿ ಕಂಪನಿ ಕೊಟ್ಟ ಅನುವಾದಕ ಇರುತ್ತಿತ್ತು. ಅದು ಅವಳ ಮಾತನ್ನು ಪಠ್ಯಪುಸ್ತಕದ ಕನ್ನಡಕ್ಕೆ ತಿರುಗಿಸಿ ಒಂದು ಸಣ್ಣ ಧ್ವನಿವರ್ಧಕದಿಂದ ಹೇಳುತ್ತಿತ್ತು. ಅನುವಾದಕ ತೆಗೆದಿಟ್ಟಾಗ ಅವಳು ಆಡುತ್ತಿದ್ದ ಕನ್ನಡವೇ ಬೇರೆ. ಅದನ್ನು ನೀಲಗಂಗಾಳ ಅತ್ತೆ ಗೌರವ್ವ ಅಡುಗೆಮನೆಯಲ್ಲಿ ಕಲಿಸಿದ್ದಳು.

ಆ ಸಂಜೆ ಇಬ್ಬರೂ ರೊಟ್ಟಿ ಬಡಿಯುತ್ತಿದ್ದರು. ಸುಲಸ್ತ್ರಿಯ ರೊಟ್ಟಿ ಒಂದು ಬದಿ ದಪ್ಪವಾಗಿ ಇನ್ನೊಂದು ಬದಿ ಹರಿದಿತ್ತು. ಇದು ನಿಮ್ಮ ದೇಶದ ನಕ್ಷೆಯೇನ, ತುಂಬಾ ದ್ವೀಪ ಕಾಣಸ್ತಾವ ಎಂದಳು ಗೌರವ್ವ. ಸುಲಸ್ತ್ರಿ, ಅತ್ತಿ ಕಲಿಸಿದ್ದು ಹಂಗ ಎಂದಳು.

ನೀಲಗಂಗಾ ಚಪ್ಪಲಿ ಬಿಡುತ್ತಲೇ ವಿಷಯ ಹೇಳಿದಳು. ಮುಚ್ಚಿಟ್ಟು ಉಪಯೋಗವಿರಲಿಲ್ಲ; ಮುಚ್ಚಿಟ್ಟದ್ದರಿಂದಲೇ ಇಷ್ಟಾಗಿತ್ತು. ಸುಲಸ್ತ್ರಿಗೆ ಎಲ್ಲವೂ ಸರಿಯಾಗಿ ತಿಳಿಯಬೇಕೆಂದು ಅನುವಾದಕ ಹಾಕಿಕೊಳ್ಳಲು ಹೇಳಿದಳು. ಕೇಳುತ್ತಾ ಹೋದಂತೆ ಸುಲಸ್ತ್ರಿ ಕೈಗಂಟಿದ ಹಿಟ್ಟನ್ನು ಒಂದೊಂದೇ ಬೆರಳಿನಿಂದ ತೆಗೆದಳು.

“ನನ್ನ ಎಷ್ಟು ಅಚ್ಚುಗಳನ್ನು ಬದಲಿಸಲಾಗಿದೆ?” ಎಂದು ಧ್ವನಿವರ್ಧಕ ಕೇಳಿತು.

ಎರಡು ತಿಂಗಳಲ್ಲಿ ನೂರ ಎಪ್ಪತ್ತು ಎಂದಳು, ಮಧ್ಯಾಹ್ನ ವಿಡಿಯೋಗಳಲ್ಲಿ ಎಣಿಸಿ ಬಂದಿದ್ದ ನೀಲಗಂಗಾ.

ಸುಲಸ್ತ್ರಿ ತುಂಬ ಹೊತ್ತು ಮಾತಾಡಿದಳು, ಧ್ವನಿವರ್ಧಕ ಸಮಾಧಾನದ ಸ್ವರದಲ್ಲಿ ಅದನ್ನು ಒಪ್ಪಿಸಿತು. ಆ ನೂರ ಎಪ್ಪತ್ತರಲ್ಲಿ ಬಹಳಷ್ಟರ ಬಗ್ಗೆ ಅವಳಿಗೂ ಅನುಮಾನವಿತ್ತು. ಅತಿಥಿಯೆಂದು ಸುಮ್ಮನಿದ್ದಳು. ಡ್ರಮ್ಮುಗಳು ಚೆನ್ನಾಗಿ ಬಂದವೆಂದು ಕೇಳಿದಾಗ ತನ್ನ ಕೈಯನ್ನೇ ಅನುಮಾನಿಸಿದ್ದಳು. ತಾಯಿಯಿಂದ ಕಲಿತದ್ದು ತಪ್ಪಿರಬೇಕು, ಇಷ್ಟು ತೇವವೂ ನಡೆಯುತ್ತದೆ ಅಂದುಕೊಂಡಿದ್ದಳು. ಎರಡು ತಿಂಗಳಿಂದ ಅವಳು ಕೆಟ್ಟದ್ದನ್ನು ಒಳ್ಳೆಯದೆಂದು ಕಲಿಯುತ್ತಿದ್ದಳು. ಕೊನೆಗೆ ಅನುವಾದಕ ತೆಗೆದು ತಾನೇ ಹೇಳಿದಳು:

“ನನಗ ಬೈಬೇಕಿತ್ತು ಅಕ್ಕಾ. ಬೈದಿದ್ರ ಪಾಡ ಇತ್ತು.”

ಗೌರವ್ವ ಒಲೆಯ ಉರಿ ಸಣ್ಣ ಮಾಡಿದಳು. ನೀಲಗಂಗಾಳ ಗಂಡ ವೀರೇಶ ಧಾರವಾಡದ ಪಾಲಿಟೆಕ್ನಿಕ್ಕಿನಲ್ಲಿ ಮೇಷ್ಟ್ರು, ದಿನಾ ಬಸ್ಸಿನಲ್ಲಿ ಹೋಗಿ ಬರುವವನು. ಊಟದ ಹೊತ್ತಿಗೆ ಅವನು ಒಂದೇ ಪ್ರಶ್ನೆ ಕೇಳಿದ. ಟಾವೆಲ್ ಹಾಕದೆ ಎಲ್ಲವನ್ನೂ ಹೊಯ್ದಿದ್ದರೆ ಏನಾಗುತ್ತಿತ್ತು? ಗೊತ್ತಿಲ್ಲ ಎಂದಳು. ನಾಳೆ ಗೊತ್ತಾಗುತ್ತದೆ.

ಬುಧವಾರ ಮಧ್ಯಾಹ್ನದವರೆಗೆ ಅವಳು ಬಟ್ಟೆ ಮುಚ್ಚಿದ ಪ್ರತಿ ದೃಶ್ಯವನ್ನೂ ನೆರಳಿಗೆ ವಾಪಸು ಕೊಟ್ಟಳು. ಇದು ಅಚ್ಚು, ಇದನ್ನು ಬೇಡವೆಂದವನು ಇವನು, ಇದನ್ನು ಮಾಡಿದವರು ಅವರು. ದುಂಡಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದಳು. ಮುಚ್ಚಿದವುಗಳೆಲ್ಲ ಕೆಟ್ಟವೇ ಎಂದು ಕೇಳಿದಾಗ ಅವನು ಪ್ರಾಮಾಣಿಕವಾಗಿ ಇಲ್ಲವೆಂದು ತಲೆಯಾಡಿಸಿದ. ಮೂರರಲ್ಲಿ ಒಂದು ಏನೂ ಆಗಿರುವುದಿಲ್ಲ, ಸುಮ್ಮನೆ ಒಡೆದಂತಾಗುತ್ತದೆ. ಅದನ್ನೂ ಅವಳು ಹಾಗೆಯೇ ಬರೆದುಕೊಂಡಳು. ನಂತರ ಯಂತ್ರವನ್ನು ಮತ್ತೆ ಓಡಿಸಿದಳು.

ನಿಲ್ಲಿಸುವಂತಿಲ್ಲ ಎಂಬ ಷರತ್ತಿನೊಂದಿಗೆ ಓಡಿಸಿದಾಗ ಜಾವಾದಲ್ಲಿ ಪರೀಕ್ಷೆಯಲ್ಲೇ ಕೆಟ್ಟವು ನೂರಕ್ಕೆ ಆರಾದವು. ಪರೀಕ್ಷೆ ದಾಟಿ ಹೋದವುಗಳಲ್ಲಿ ನಾಲ್ಕನೆಯ ವರ್ಷಕ್ಕೆ ಸಾವಿರಕ್ಕೆ ಮೂರು ಬಿರುಕು ಬಿಟ್ಟವು. ಒಂದು ಬಸ್ಸಿಗೆ ನಾಲ್ಕು ಡ್ರಮ್. ಅಂದರೆ ಎಂಬತ್ತಮೂರು ಬಸ್ಸಿಗೆ ಒಂದು ಬಿರುಕು. ವಿಯೆಟ್ನಾಮಿನಲ್ಲಿ, ಉಜ್ಬೆಕಿಸ್ತಾನದಲ್ಲಿ ಓಡಿಸಿದರೂ ಅಷ್ಟೇ. ಬೆಳಗಾವಿಯಲ್ಲೇ ಟಾವೆಲ್ ತೆಗೆಸಿ ಓಡಿಸಿದರೂ ಅಷ್ಟೇ.

ಮೋಲ್ಡರ್ ಬೇಡವೆಂದದ್ದನ್ನು ಹೊಯ್ಯುವುದಿಲ್ಲ ಎಂದು ಬದಲಿಸಿ ಓಡಿಸಿದಳು. ಬಿರುಕು ಬಹುತೇಕ ಸೊನ್ನೆಗೆ ಇಳಿಯಿತು. ಮೂರು ದೇಶಗಳ ನಡುವಿನ ವ್ಯತ್ಯಾಸ ನೂರಕ್ಕೆ ಅರ್ಧವೂ ಉಳಿಯಲಿಲ್ಲ. ಒಮ್ಮೆ ಓಡಿಸಿದರೆ ವಿಯೆಟ್ನಾಂ ಮೇಲೆ, ಇನ್ನೊಮ್ಮೆ ಜಾವಾ, ಮತ್ತೊಮ್ಮೆ ಉಜ್ಬೆಕಿಸ್ತಾನ. ಎಂಟು ತಿಂಗಳು ಯಾವ ದೇಶ ಎಂದು ಕೇಳಿದ್ದರು; ಉತ್ತರ ದೇಶದಲ್ಲಿ ಇರಲೇ ಇಲ್ಲ.

ಪಟ್ಟಣಶೆಟ್ಟಿ ಎಲ್ಲವನ್ನೂ ತಾಳ್ಮೆಯಿಂದ ಕೇಳಿದರು. ಕೆಟ್ಟ ಮನುಷ್ಯರಲ್ಲ. ಮುನ್ನೂರು ಜನರ ಫೌಂಡ್ರಿ ನಡೆಸುವವರು, ಹೊರದೇಶದಲ್ಲಿ ಎರಡನೆಯ ಕಾರ್ಖಾನೆ ಇಲ್ಲದಿದ್ದರೆ ದೊಡ್ಡ ಗಿರಾಕಿ ಕೈಬಿಟ್ಟು ಹೋಗುತ್ತಾನೆಂದು ನಿದ್ದೆಗೆಟ್ಟವರು. ಅವರು ಹೇಳಿದ್ದು ಇಷ್ಟು: ನೀವು ಹೇಳುವುದು ಖರೆ ಇರಬಹುದು, ಆದರೆ ಪಾಲುದಾರರಿಗೆ ನಿಲ್ಲಿಸದ ಕಾರ್ಖಾನೆ ಬೇಕು, ಅವರಿಲ್ಲದೆ ನಾವು ಎಲ್ಲಿಗೂ ಹೋಗುವುದಿಲ್ಲ. ನಾಳೆ ಅವರ ಕಡೆಯವರು ಬರುತ್ತಾರೆ. ಜಾವಾದ ಆರು ಜನ ಅವರ ಮುಂದೆ ಅರವತ್ತು ಅಚ್ಚುಗಳನ್ನು ನಿಲ್ಲಿಸದೆ ಹೊಯ್ದು ತೋರಿಸಲಿ. ಹೊಸ ಲೆಕ್ಕ ನಿಮ್ಮ ಟೇಬಲ್ಲಿನ ಡ್ರಾಯರಿನಲ್ಲಿರಲಿ.

ನೀಲಗಂಗಾ ಆ ಹೊಸ ಲೆಕ್ಕವನ್ನು ನಾಲ್ಕು ಪ್ರತಿ ಮಾಡಿಸಿದಳು.

ಗುರುವಾರ ಹನ್ನೊಂದಕ್ಕೆ ಪ್ರದರ್ಶನ. ಹಳದಿ ಗೆರೆಯ ಆಚೆ ಹೊಸ ಹೆಲ್ಮೆಟ್ ತೊಟ್ಟ ಪಾಲುದಾರರ ಅಧಿಕಾರಿ ನಿಂತಿದ್ದ. ಬೆಳಗಾವಿಯ ಮೋಲ್ಡರುಗಳನ್ನು ಗೋಡೆಯ ಬದಿಗೆ ನಿಲ್ಲಿಸಿದ್ದರು. ಸಾಲಿನಲ್ಲಿ ಅರವತ್ತು ಅಚ್ಚುಗಳು. ಹಿಂದಿನ ದಿನದಿಂದ ಯಾರೂ ಬದಲಿಸದ, ಅವರವರ ಕೈಯ ಅಚ್ಚುಗಳು. ಫರ್ನೆಸ್ಸಿನಿಂದ ಕರಗಿದ ಕಬ್ಬಿಣ ತುಂಬಿಕೊಂಡು ಲ್ಯಾಡಲ್ ಎಂಬ ದೊಡ್ಡ ಬಕೆಟ್ಟು ಕ್ರೇನಿನಲ್ಲಿ ತೂಗುತ್ತ ಬಂತು. ಲ್ಯಾಡಲಿನ ಕಬ್ಬಿಣ ಯಾರಿಗಾಗಿಯೂ ಕಾಯುವುದಿಲ್ಲ. ಏಳೆಂಟು ನಿಮಿಷದಲ್ಲಿ ಹೊಯ್ಯದಿದ್ದರೆ ದಪ್ಪವಾಗಿ ಕೆಲಸಕ್ಕೆ ಬಾರದೆ ಹೋಗುತ್ತದೆ.

ಮೊದಲ ಹದಿನಾರು ಸರಾಗ ನಡೆದವು. ಹದಿನೇಳನೆಯದು ಸುಲಸ್ತ್ರಿಯದು. ಅವಳು ಅದರ ಅಂಚಿನಲ್ಲಿ ಹೆಬ್ಬೆರಳು ಆಡಿಸಿದಳು. ಇನ್ನೊಮ್ಮೆ ಆಡಿಸಿದಳು. ಕಿವಿಯ ಅನುವಾದಕ ತೆಗೆದು ಜೇಬಿಗೆ ಹಾಕಿದಳು. ಆಮೇಲೆ ಅಚ್ಚಿನ ಮುಂದೆ, ಲ್ಯಾಡಲ್ ಬರುವ ದಾರಿಯಲ್ಲಿ, ಕಟ್ಟೆಯ ಮೇಲೆ ಹರಟೆಗೆ ಕೂತವರಂತೆ ಕುಕ್ಕುರುಗಾಲಲ್ಲಿ ಕುಳಿತಳು.

ಕ್ರೇನಿನವನು ನಿಲ್ಲಿಸಿದ. ಏನಾಯಿತು ಎಂದು ಅಧಿಕಾರಿ ಕೇಳಿದ. ಅವಳನ್ನು ಎಬ್ಬಿಸಿ ಮುಂದಿನದನ್ನು ಹೊಯ್ಯಿರಿ ಎಂದ. ಪಟ್ಟಣಶೆಟ್ಟಿ ಗೆರೆ ದಾಟಿ ಬಂದು, ಮೆಲ್ಲಗೆ, ಏಳಮ್ಮ ಎಂದರು.

“ಒಲ್ಲೆ,” ಎಂದಳು ಸುಲಸ್ತ್ರಿ. “ಇದು ಹಸಿ ಐತಿ. ನಾ ಮಾಡಿದ್ದು. ನನಗ ಗೊತ್ತೈತಿ.”

ಗೋಡೆಯ ಬದಿಯಿಂದ ಯಾರೋ ಇದು ಗೌರವ್ವಜ್ಜಿ ಶಾಲ್ಯಾಗ ಕಲಿತ ಕನ್ನಡ ಎಂದು ಪಿಸುಗುಟ್ಟಿದರು. ದುಂಡಪ್ಪ ಅವನ ಕಾಲು ತುಳಿದ.

ಪಟ್ಟಣಶೆಟ್ಟಿ ತಿರುಗಿ ನೀಲಗಂಗಾಳನ್ನು ನೋಡಿದರು. ತೇವ ಅಳೆಯುವ ಯಂತ್ರ ಅವಳ ಕೈಯಲ್ಲಿತ್ತು. ಅಳೆಯಿರಿ ಎಂದರು. ಅಳೆದಳು. ಮೂರು ದಶಾಂಶ ಎಂಟು ಬಂತು. ಮಿತಿ ನಾಲ್ಕು. ಯಂತ್ರದ ಪ್ರಕಾರ ಅಚ್ಚು ಸರಿಯಾಗಿತ್ತು. ಅಧಿಕಾರಿಗೂ ಅಂಕಿ ಕಾಣಿಸಿತು, ಅವನು ನಕ್ಕ. ಮಿತಿಯೊಳಗಿದೆ, ಹೊಯ್ಯಲು ಹೇಳಿ ಮೇಡಮ್ ಎಂದ. ಲ್ಯಾಡಲಿನ ಮೇಲೆ ತೆಳ್ಳನೆಯ ಕೆನೆ ಕಟ್ಟತೊಡಗಿತ್ತು.

ನೀಲಗಂಗಾಳಿಗೆ ಆ ಕ್ಷಣದಲ್ಲಿ ಗೊತ್ತಿದ್ದದ್ದು ಇಷ್ಟೇ. ಸುಲಸ್ತ್ರಿ ತಪ್ಪಿರಬಹುದು. ಮೂರರಲ್ಲಿ ಒಂದು ಸಲ ದುಂಡಪ್ಪನೂ ತಪ್ಪುತ್ತಾನೆ. ಆ ಒಂದನ್ನು ಉಳಿಸಲು ಹೋದರೆ ಉಳಿದೆರಡು ರಸ್ತೆಗೆ ಹೋಗುತ್ತವೆ. ಕೈಯ ಎಚ್ಚರ, ಕೈಯ ತಪ್ಪು ಎರಡೂ ಒಟ್ಟಿಗೇ ಬರುತ್ತವೆ, ಬೇರೆ ಬೇರೆಯಾಗಿ ಸಿಗುವುದಿಲ್ಲ.

“ಹೊಯ್ಯೂದಿಲ್ಲ,” ಎಂದಳು. “ಆಕಿ ಬ್ಯಾಡ ಅಂದಾಳ. ಸಾಕು.”

ಲ್ಯಾಡಲನ್ನು ಬದಿಗೆ ಒಯ್ದು ಕಬ್ಬಿಣವನ್ನು ನೆಲದ ಗುಂಡಿಗಳಲ್ಲಿ ಸುರಿದು ಗಟ್ಟಿ ಮಾಡಿದರು. ಹದಿನೇಳನೆಯ ಅಚ್ಚನ್ನು ಒಡೆದು ನೋಡಿದಾಗ ಏನೂ ಕಾಣಲಿಲ್ಲ. ಉಸುಕು ಉಸುಕಿನಂತೆಯೇ ಇತ್ತು. ಸುಲಸ್ತ್ರಿ ಅದನ್ನು ಮುಷ್ಟಿಯಲ್ಲಿ ಹಿಡಿದು ಮುರಿದಳು, ಮೂಸಿದಳು, ಭುಜ ಕುಣಿಸಿದಳು. ನಾಚಿಕೆಪಡಲಿಲ್ಲ. ತನ್ನ ತಾಯಿಯೂ ಹೀಗೆಯೇ ಅಚ್ಚಿನ ಮುಂದೆ ಕೂರುತ್ತಿದ್ದಳು, ಎಷ್ಟೋ ಸಲ ಸುಮ್ಮನೆ ಕೂತಂತಾಗುತ್ತಿತ್ತು ಎಂದು ದುಂಡಪ್ಪನಿಗೆ ಹೇಳಿದಳು. ನಮ್ಮಲ್ಲೂ ಹಂಗ ಎಂದ ಅವನು. ಮುಂದಿನ ಸಲ ನಿನ್ನ ಬಾಕ್ಸು ಕೆಟ್ಟಿದ್ರ ನಿನ್ನ ಮುಂದನ ಹೇಳ್ತೀನಿ ಎಂದೂ ಸೇರಿಸಿದ. ಅವಳು ಹೇಳಲೇಬೇಕು ಎಂದಳು.

ಸಂಜೆ ಪಟ್ಟಣಶೆಟ್ಟಿ ತಮ್ಮ ಕೋಣೆಯಲ್ಲಿ ಕಾಗದವನ್ನು ನೀಲಗಂಗಾಳ ಮುಂದೆ ಇಟ್ಟರು. ಪಾಲುದಾರರು ಇನ್ನೂ ಒಪ್ಪಿಗೆ ಹಿಂತೆಗೆದುಕೊಂಡಿಲ್ಲ. ಆದರೆ ಷರತ್ತು ಈಗ ಎರಡೂ ಕಾರ್ಖಾನೆಗಳಿಗೆ. ನಾಳೆಯಿಂದ ಬೆಳಗಾವಿಯ ಸಾಲಿನಲ್ಲೂ ಟಾವೆಲ್ ನಿಷೇಧ. ಬೆಂಕಿಯ ಹತ್ತಿರ ಬಟ್ಟೆ ಅಪಾಯ ಎಂದು ಸುರಕ್ಷತೆಯ ಸುತ್ತೋಲೆ ಹೊರಡಿಸಲಾಗಿದೆ. ಅವಳು ಸಹಿ ಹಾಕಿದರೆ ಜಾವಾದ ಹುದ್ದೆ ಮೊದಲಿನಂತೆ ಅವಳದೇ.

ಅವಳು ಕಾಗದವನ್ನು ತನ್ನತ್ತ ತಿರುಗಿಸಿಕೊಂಡು ಓದಿದಳು. ದೇಶ ಎಂಬ ಜಾಗದಲ್ಲಿ ಜಾವಾ ಎಂದು ಅಚ್ಚಾಗಿತ್ತು. ವಿಧಾನ ಎಂಬ ಜಾಗದ ಕೆಳಗೆ, ಮೋಲ್ಡರ್ ಬೇಡವೆಂದ ಅಚ್ಚನ್ನು ಹೊಯ್ಯತಕ್ಕದ್ದಲ್ಲ ಎಂದು ಕೈಯಲ್ಲಿ ಬರೆದಳು. ತಾನು ಮಾಹಿತಿಯಲ್ಲಿ ಮಾಡಿದ ತಪ್ಪನ್ನು, ಟಾವೆಲನ್ನು ಬಿಟ್ಟುಬಿಡಿ ಎಂದ ಆ ಸಂದೇಶದ ದಿನಾಂಕ ಸಮೇತ, ಎರಡು ಸಾಲಿನಲ್ಲಿ ಬರೆದಳು. ಆಮೇಲೆ ಸಹಿ ಹಾಕಿದಳು. ಹೀಗೆ ಬೇಕಾದರೆ ಇಟ್ಟುಕೊಳ್ಳಿ, ಇಲ್ಲವೆಂದರೆ ಬೇರೆ ಯಾರಿಂದಲಾದರೂ ಬರೆಸಿಕೊಳ್ಳಿ, ಆದರೆ ನನ್ನ ಲೆಕ್ಕದ ನಾಲ್ಕು ಪ್ರತಿಗಳಲ್ಲಿ ಒಂದು ಗಿರಾಕಿಯ ತಪಾಸಣೆ ವಿಭಾಗಕ್ಕೆ ಆಗಲೇ ಹೋಗಿದೆ ಎಂದಳು.

ಪಟ್ಟಣಶೆಟ್ಟಿ ಅವಳು ಕೈಯಲ್ಲಿ ಬರೆದದ್ದನ್ನು ಓದಿದರು. ಜಾವಾಕ್ಕೆ ನೀವು ಹೋಗುವುದಿಲ್ಲ ಎಂದರು. ಅದು ಗೊತ್ತಿದ್ದೇ ಬರೆದಿದ್ದೇನೆ ಎಂದಳು.

ಮನೆಯಲ್ಲಿ ಅವಳು ಎರಡು ರೊಟ್ಟಿ ತಿನ್ನುವಲ್ಲಿ ಅರ್ಧ ತಿಂದಳು. ಹೋಗದ ಊರಿನ ಕಾರ್ಖಾನೆಯ ನಕ್ಷೆ ಅವಳ ಚೀಲದಲ್ಲೇ ಇತ್ತು. ಉಸುಕಿನ ಲ್ಯಾಬಿಗೆ ಬೆಳಕು ಯಾವ ಕಡೆಯಿಂದ ಬರಬೇಕು ಎಂಬುದನ್ನು ಕೂಡ ಅವಳು ಅದರಲ್ಲಿ ಗುರುತು ಮಾಡಿದ್ದಳು. ವೀರೇಶ ಅದನ್ನು ಬಿಡಿಸಿ ನೋಡಿ, ಚಲೋ ಮಾಡಿದ್ದಿ ಎಂದ. ನಕ್ಷೆಯನ್ನೋ, ಇವತ್ತು ಮಾಡಿದ್ದನ್ನೋ ಎಂದು ಅವಳು ಕೇಳಲಿಲ್ಲ.

ಶುಕ್ರವಾರ ಬೆಳಿಗ್ಗೆ ಗೇಟಿನಲ್ಲಿ ಕಾವಲುಗಾರ ಪ್ರತಿಯೊಬ್ಬರ ಟಾವೆಲನ್ನೂ ತೆಗೆಸಿ ಒಂದು ಖಾಲಿ ಪೀಪಾಯಿಯಲ್ಲಿ ಹಾಕಿಸಿ ಒಳಗೆ ಬಿಟ್ಟ. ಯಾರೂ ಜಗಳ ಮಾಡಲಿಲ್ಲ. ಮಡಚಿ ಇಡಪ್ಪ, ಸಂಜಿಕ ಮನ್ಯಾಗ ಕೇಳ್ತಾರ ಎಂದರಷ್ಟೇ. ನೀಲಗಂಗಾ ಮೇಲಿನ ಕಂಟ್ರೋಲ್ ರೂಮಿಗೆ ಹೋಗಿ ಕುಳಿತಳು. ಅವಳನ್ನು ಅಲ್ಲಿಂದ ತೆಗೆಯುವ ಆದೇಶ ಇನ್ನೂ ಬಂದಿರಲಿಲ್ಲ.

ಎಂಟೂ ಇಪ್ಪತ್ತಕ್ಕೆ ಮೊದಲ ಲ್ಯಾಡಲ್ ಹೊರಟಿತು. ನಾಲ್ಕನೆಯ ಅಚ್ಚಿನ ಹತ್ತಿರ ದುಂಡಪ್ಪ ಹೆಬ್ಬೆರಳು ಆಡಿಸಿ ನಿಂತದ್ದು ಪರದೆಯಲ್ಲಿ ಕಂಡಿತು. ಅವನ ಕೈ ಅಭ್ಯಾಸಬಲದಿಂದ ಹೆಗಲಿಗೆ ಹೋಗಿ ಬರಿದೇ ಕೆಳಗಿಳಿಯಿತು. ನಂತರ ಅವನು ಮೊಣಕಾಲು ಹಿಡಿದುಕೊಂಡು, ಐವತ್ತೆಂಟು ವರ್ಷದ ಮೈಯನ್ನು ನಿಧಾನವಾಗಿ ತಗ್ಗಿಸಿ, ಅಚ್ಚಿನ ಮುಂದೆ ಕುಕ್ಕುರುಗಾಲಲ್ಲಿ ಕುಳಿತ. ಪಕ್ಕದ ಸಾಲಿನ ಸುಲಸ್ತ್ರಿ ಬಂದು, ಹೀಗಲ್ಲ, ಹಿಮ್ಮಡಿ ನೆಲಕ್ಕೆ ತಾಗಬೇಕು ಎಂಬಂತೆ ಅವನ ಕಾಲು ಸರಿಪಡಿಸಿದಳು. ಹನ್ನೆರಡನೆಯ ಅಚ್ಚಿನ ಮುಂದೆ ಇನ್ನೊಬ್ಬ ಕುಳಿತ. ಆಚೆ ಮೂಲೆಯಲ್ಲಿ ಮತ್ತಿಬ್ಬರು, ಅವರಲ್ಲಿ ಒಬ್ಬ ಜಾವಾದವನು. ನೆರಳಿಗೆ ಗೊಂದಲವಾಯಿತು. ಕುಳಿತ ಮನುಷ್ಯರ ಸುತ್ತ ಅದು ಕೆಂಪು ಚೌಕ ಬರೆದು, ಇದು ಏನೆಂದು ತಿಳಿಯದು, ಗುರುತು ಹೇಳಿ ಎಂದು ಕೇಳಿತು.

ನೀಲಗಂಗಾ ಕೀಲಿಮಣೆ ಹತ್ತಿರ ಎಳೆದುಕೊಂಡು, ಬೇಡವೆಂದಿದ್ದಾರೆ, ಹೊಯ್ಯಬಾರದು ಎಂದು ಬರೆದಳು. ಮುಂದೆ ಅಂಥದ್ದು ಕಂಡಲ್ಲೆಲ್ಲ ಹೀಗೇ ಬರೆದುಕೋ ಎಂದು ಆದೇಶಿಸಿದಳು. ಚೌಕಗಳು ಹಸಿರಾದವು.

ಟೇಬಲ್ಲಿನ ಫೋನು ರಿಂಗಾಯಿತು. ಪಟ್ಟಣಶೆಟ್ಟಿಯವರೂ ತಮ್ಮ ಕೋಣೆಯಲ್ಲಿ ಅದೇ ಪರದೆ ನೋಡುತ್ತಿದ್ದರು. ಸಿಟ್ಟಿಗಿಂತ ಹೆಚ್ಚಾಗಿ ಅವರ ಧ್ವನಿಯಲ್ಲಿ ದಣಿವಿತ್ತು. ಕೆಳಗೆ ಹೋಗಿ ಅವರನ್ನು ಎಬ್ಬಿಸಿರಿ ಎಂದರು. ಎಬ್ಬಿಸುವುದಿಲ್ಲ ಎಂದಳು. ಎಷ್ಟು ಜನ ಎಂದು ಕೇಳಿದರು. ಏಳು, ಅಲ್ಲ, ಎಂಟು ಎಂದಳು. ಗಿರಾಕಿಯ ತಪಾಸಣೆಯವರು ಆಗಲೇ ಫೋನ್ ಮಾಡಿದ್ದಾರೆ, ಸೋಮವಾರ ಬರುತ್ತಾರಂತೆ ಎಂದರು. ಕ್ರೇನಿನ ಗಂಟೆ ಕೆಳಗಿನಿಂದಲೂ ಫೋನಿನೊಳಗಿನಿಂದಲೂ ಕೇಳಿಸುತ್ತಿತ್ತು.

“ಯಾವ ದೇಶಕ್ಕ ಹ್ವಾದ್ರೂ ಹಿಂಗ ಆಕ್ಕೈತೇನ್ರಿ?” ಎಂದು ಕೊನೆಗೆ ಕೇಳಿದರು.

ಕೆಳಗೆ ಲ್ಯಾಡಲ್ ನಾಲ್ಕನೆಯ ಅಚ್ಚನ್ನು ಬಿಟ್ಟು ಐದನೆಯದರ ಮೇಲೆ ಬಾಗಿತು.

“ಹೌದ್ರಿ ಸರ್,” ಎಂದಳು ನೀಲಗಂಗಾ. “ಆಗೂಹಂಗ ನಾವು ನೋಡ್ಕೊಂತೀವಿ.”